ಪ್ರಾದೇಶಿಕ ಆರೋಗ್ಯ ಫೌಂಡೇಶನ್ನಿನಿಂದ ಅನುದಾನ ಕೇಳುವುದು: ಅಮೆರಿಕದ ಸಣ್ಣ ಸೇವಾಸಂಸ್ಥೆಗಳಿಗಾಗಿ ಒಂದು ಚರ್ಚೆ

ಸಂಸ್ಥೆಯ ಕಾರ್ಯದರ್ಶಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಮಕ್ಕಳೊಂದಿಗೆ ನೆಲೆಸಿರುವ, ಕನ್ನಡ, ತೆಲುಗು, ತಮಿಳು ಮಾತನಾಡುವ ಹಿರಿಯರಿಗೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ವಿಷಯದಲ್ಲಿ ನೆರವಾಗುವ ಒಂದು ಸಣ್ಣ ಸೇವಾಸಂಸ್ಥೆಯನ್ನು ನಾವು ಕೆಲವು ಸ್ವಯಂಸೇವಕರು ನಡೆಸುತ್ತಿದ್ದೇವೆ. ಸಂಸ್ಥೆಗೆ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ದತ್ತಿಸಂಸ್ಥೆ ಎಂಬ ಮಾನ್ಯತೆ ಇದೆ. ಇದುವರೆಗೆ ಪರಿಚಿತರ ದೇಣಿಗೆಯಿಂದಲೇ ಕೆಲಸ ಸಾಗಿದೆ. ಆದರೆ ನೆರವು ಬಯಸಿ ಬರುವ ಹಿರಿಯರ ಸಂಖ್ಯೆ ಹೆಚ್ಚಿದಂತೆ, ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಬರುವ ಸ್ವಯಂಸೇವಕರಿಂದಲೇ ಎಲ್ಲವನ್ನೂ ನಿಭಾಯಿಸುವುದು ಕಷ್ಟವಾಗಿದೆ. ಅರೆಕಾಲಿಕ ಸಂಯೋಜಕರೊಬ್ಬರನ್ನು ಸಂಬಳ ಕೊಟ್ಟು ನೇಮಿಸಿಕೊಳ್ಳಲೇಬೇಕಾಗಿದೆ.

ನಮ್ಮ ಭಾಗದ ಹಲವು ಕೌಂಟಿಗಳಿಗೆ (ಇಲ್ಲಿನ ಜಿಲ್ಲೆಗಳಿಗೆ) ಮೀಸಲಾದ ಒಂದು ಆರೋಗ್ಯ ಫೌಂಡೇಶನ್ ಇದೆ. ಅದರಿಂದ ವರ್ಷಕ್ಕೆ 60,000 ಡಾಲರ್ ಕೇಳಬೇಕೆಂದು ನಮ್ಮ ಆಡಳಿತ ಮಂಡಳಿ ಯೋಚಿಸಿದೆ. ಅದರ ದೊಡ್ಡ ಪಾಲು ಹಿರಿಯರ ಜೊತೆ ಆಸ್ಪತ್ರೆಗೆ ಹೋಗಿ ದುಭಾಷಿಗಳಾಗಿ ನೆರವಾಗುವವರ ಸಂಭಾವನೆಗೆ, ಉಳಿದದ್ದು ಸಂಯೋಜಕರಿಗೆ ಎಂಬುದು ಈಗಿನ ಲೆಕ್ಕಾಚಾರ. ಅರ್ಜಿ ಬರೆಯಲು ಕೂರುವ ಮೊದಲು ಏನೇನು ತಿಳಿದಿರಬೇಕು, ಕೇಳುವ ಮೊತ್ತವನ್ನು ಹೇಗೆ ನಿರ್ಧರಿಸಬೇಕು ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಅನುದಾನದ ಅರ್ಜಿಗಳನ್ನು ಬರೆಯುವವರು ಉತ್ತರಿಸಿದ್ದು:

ಕಾರ್ಯದರ್ಶಿಗಳೇ, ಅರ್ಜಿಯ ನಮೂನೆಯನ್ನು ತೆರೆಯುವ ಮೊದಲು ಆ ಫೌಂಡೇಶನ್ನಿನ ಹಣ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಳ್ಳಿ. ಅಮೆರಿಕದ ಪ್ರಾದೇಶಿಕ ಆರೋಗ್ಯ ಫೌಂಡೇಶನ್ನುಗಳಲ್ಲಿ ಬಹಳಷ್ಟು ಯಾರೋ ಒಬ್ಬ ಶ್ರೀಮಂತರ ದಾನದಿಂದ ಹುಟ್ಟಿದವಲ್ಲ. ಲಾಭರಹಿತವಾಗಿದ್ದ ಆಸ್ಪತ್ರೆಯೋ ಆರೋಗ್ಯ ವಿಮಾ ಸಂಸ್ಥೆಯೋ ಖಾಸಗಿ ಕಂಪನಿಗೆ ಮಾರಾಟವಾದಾಗ ಅಥವಾ ತಾನೇ ಲಾಭದ ಕಂಪನಿಯಾಗಿ ಬದಲಾದಾಗ, ತೆರಿಗೆ ವಿನಾಯಿತಿ ಪಡೆದು ದಶಕಗಳ ಕಾಲ ಬೆಳೆದ ಆ ಆಸ್ತಿಯ ಮೌಲ್ಯ ಸಾರ್ವಜನಿಕ ಹಿತಕ್ಕೇ ಸಲ್ಲಬೇಕು ಎಂಬ ತತ್ವದ ಮೇಲೆ ಇಂಥ ಫೌಂಡೇಶನ್ನುಗಳು ರೂಪುಗೊಂಡವು. 1985ರಲ್ಲಿ ವಿಚಿಟಾದ ವೆಸ್ಲಿ ಮೆಡಿಕಲ್ ಸೆಂಟರ್ ಮಾರಾಟವಾದ ಹಣದಿಂದ ಕ್ಯಾನ್ಸಸ್ ಹೆಲ್ತ್ ಫೌಂಡೇಶನ್ ಹುಟ್ಟಿತು. 1996ರಲ್ಲಿ ಕ್ಯಾಲಿಫೋರ್ನಿಯಾದ ಬ್ಲೂ ಕ್ರಾಸ್ ಲಾಭದ ಕಂಪನಿಯಾಗಿ ಬದಲಾದಾಗ ಕ್ಯಾಲಿಫೋರ್ನಿಯಾ ಎಂಡೋಮೆಂಟ್ ಸ್ಥಾಪನೆಯಾಯಿತು. ಉತ್ತರ ಕೆರೊಲಿನಾದ ಪಶ್ಚಿಮ ಭಾಗದಲ್ಲಿ ಮಿಷನ್ ಹೆಲ್ತ್ ಆಸ್ಪತ್ರೆಗಳ ಸಮೂಹವನ್ನು ಎಚ್‌ಸಿಎ ಕಂಪನಿ 2019ರಲ್ಲಿ ಕೊಂಡಾಗ, ಆ ಹಣ ಡಾಗ್‌ವುಡ್ ಹೆಲ್ತ್ ಟ್ರಸ್ಟಿಗೆ ಸಂದಿತು.

ಈ ಇತಿಹಾಸ ನಿಮ್ಮ ಅರ್ಜಿಯನ್ನು ನೇರವಾಗಿ ಮುಟ್ಟುತ್ತದೆ. ಹಿಂದಿನ ಆಸ್ಪತ್ರೆ ಅಥವಾ ವಿಮಾ ಸಂಸ್ಥೆ ಯಾವ ಸೀಮೆಗೆ ಸೇವೆ ಸಲ್ಲಿಸುತ್ತಿತ್ತೋ ಸಾಮಾನ್ಯವಾಗಿ ಆ ಸೀಮೆಯೇ ಫೌಂಡೇಶನ್ನಿನ ಗಡಿಯಾಗಿರುತ್ತದೆ, ಮತ್ತು ಆ ಗಡಿಯನ್ನು ದಾಟುವ ಸ್ವಾತಂತ್ರ್ಯ ಅಲ್ಲಿನ ಅಧಿಕಾರಿಗಳಿಗೆ ಬಹುಮಟ್ಟಿಗೆ ಇರುವುದಿಲ್ಲ. ಡಾಗ್‌ವುಡ್ ಟ್ರಸ್ಟಿನ ವ್ಯಾಪ್ತಿ 18 ಕೌಂಟಿಗಳು ಮತ್ತು ಚೆರೋಕಿ ಎಂಬ ಮೂಲನಿವಾಸಿ ಜನರ ನೆಲೆಯಾದ ಕ್ವಾಲಾ ಬೌಂಡರಿ. ಮಿಸೌರಿ ಫೌಂಡೇಶನ್ ಫಾರ್ ಹೆಲ್ತ್ ತನ್ನ ಹೆಸರಿನಲ್ಲಿ ಇಡೀ ರಾಜ್ಯವನ್ನು ಇಟ್ಟುಕೊಂಡಿದ್ದರೂ ಅದರ ವ್ಯಾಪ್ತಿಯಲ್ಲಿರುವುದು 84 ಕೌಂಟಿಗಳು ಮತ್ತು ಸೇಂಟ್ ಲೂಯಿಸ್ ನಗರ ಮಾತ್ರ; ಅದೇ ರಾಜ್ಯದ ಕ್ಯಾನ್ಸಸ್ ಸಿಟಿ ನಗರದ ಸುತ್ತಲಿನವರು ಬೇರೆ ಫೌಂಡೇಶನ್ನುಗಳ ಬಳಿ ಹೋಗಬೇಕು. ಆದ್ದರಿಂದ ನಿಮ್ಮ ಕಚೇರಿಯ ವಿಳಾಸಕ್ಕಿಂತ ನೀವು ನೆರವಾಗುವ ಹಿರಿಯರು ಯಾವ ಕೌಂಟಿಯಲ್ಲಿ ವಾಸವಾಗಿದ್ದಾರೆ ಎಂಬುದು ಮುಖ್ಯ. ಕೌಂಟಿವಾರು ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ. ಗಡಿಯಾಚೆಯವರೂ ನಿಮ್ಮಲ್ಲಿ ಇದ್ದರೆ, ಅವರ ವೆಚ್ಚವನ್ನು ಯಾವ ಹಣದಿಂದ ಭರಿಸುತ್ತೀರಿ ಎಂಬುದನ್ನೂ ಬರೆದಿಡಿ.

ಎರಡನೆಯದಾಗಿ, ಫೌಂಡೇಶನ್ ಖಾಸಗಿ ಫೌಂಡೇಶನ್ (ಸಾಮಾನ್ಯವಾಗಿ ಒಂದೆರಡು ಮೂಲಗಳಿಂದ ಬಂದ ಹಣದ ಮೇಲೆ ನಡೆಯುವಂಥದ್ದು) ಎಂಬ ವರ್ಗಕ್ಕೆ ಸೇರಿದ್ದರೆ ಅದು ಪ್ರತಿ ವರ್ಷ 990-ಪಿಎಫ್ ಎಂಬ ವರದಿಯನ್ನು ಆಂತರಿಕ ಕಂದಾಯ ಸೇವೆಗೆ, ಅಂದರೆ ಐಆರ್‌ಎಸ್‌ಗೆ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ. ಐಆರ್‌ಎಸ್‌ನ ಹುಡುಕಾಟ ಪುಟದಲ್ಲಿಯೂ ಪ್ರೋಪಬ್ಲಿಕಾ ಎಂಬ ಸುದ್ದಿಸಂಸ್ಥೆಯ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರಿನಲ್ಲಿಯೂ ಉಚಿತವಾಗಿ ಸಿಗುತ್ತದೆ. ಆ ವರ್ಷ ಯಾವ ಸಂಸ್ಥೆಗೆ, ಯಾವ ಉದ್ದೇಶಕ್ಕೆ, ಎಷ್ಟು ಡಾಲರ್ ಕೊಡಲಾಯಿತು ಎಂಬುದು ಅದರಲ್ಲಿ ಸಾಲು ಸಾಲಾಗಿ ಇರುತ್ತದೆ. ಮೂರು ವರ್ಷಗಳ ವರದಿಗಳನ್ನು ಮುಂದಿಟ್ಟುಕೊಂಡು ನಿಮ್ಮಷ್ಟೇ ಗಾತ್ರದ ಸಂಸ್ಥೆಗಳಿಗೆ ಮೊದಲ ಬಾರಿ ಎಷ್ಟು ಸಿಕ್ಕಿದೆ ಎಂದು ನೋಡಿ. ಫೌಂಡೇಶನ್ನಿನ ಜಾಲತಾಣದಲ್ಲಿರುವ ಆದರ್ಶದ ಮಾತುಗಳಿಗಿಂತ ಈ ಪಟ್ಟಿ ಹೆಚ್ಚು ಸತ್ಯ ಹೇಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಖಾಸಗಿ ಫೌಂಡೇಶನ್ನುಗಳು ತಮ್ಮ ಹೂಡಿಕೆಯ ಆಸ್ತಿಯ ಸರಿಸುಮಾರು 5 ಪ್ರತಿಶತವನ್ನು ವರ್ಷಕ್ಕೆ ಸೇವಾಕಾರ್ಯಗಳಿಗೆ ಹಂಚಲೇಬೇಕೆಂಬ ನಿಯಮವೂ ಇದೆ. ಕೆಲವು ಆರೋಗ್ಯ ಫೌಂಡೇಶನ್ನುಗಳು ಸಾರ್ವಜನಿಕ ದತ್ತಿಸಂಸ್ಥೆಗಳಾಗಿ ನೋಂದಾಯಿತವಾಗಿರುವುದರಿಂದ ಅವುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ, ಮತ್ತು ಅವು ಸಲ್ಲಿಸುವುದು 990-ಪಿಎಫ್ ಅಲ್ಲ, ಸಾಮಾನ್ಯ 990. ನಿಮ್ಮ ಫೌಂಡೇಶನ್ ಯಾವ ವರ್ಗದ್ದು ಎಂಬುದನ್ನು ಖಚಿತಪಡಿಸಿಕೊಳ್ಳಿ. ಲೆಕ್ಕಪತ್ರ ನೋಡುವವರು ಯಾರಾದರೂ ಇಲ್ಲಿ ಉತ್ತರಿಸಿದರೆ ಅದರ ಮಹತ್ವ ಇನ್ನಷ್ಟು ಸ್ಪಷ್ಟವಾದೀತು.

ಸಂಸ್ಥೆಯ ಕಾರ್ಯದರ್ಶಿ:

ಬಹಳ ಉಪಯುಕ್ತವಾಯಿತು, ಧನ್ಯವಾದಗಳು. ವರದಿಯನ್ನು ತೆರೆದು ನೋಡಿದೆ. ಅದು ಖಾಸಗಿ ಫೌಂಡೇಶನ್ ಎಂಬುದು ಖಚಿತವಾಯಿತು. ಸಣ್ಣ ಸಂಸ್ಥೆಗಳಿಗೆ ಕೊಟ್ಟ ಮೊದಲ ಅನುದಾನಗಳು ಹೆಚ್ಚಾಗಿ 20,000ದಿಂದ 40,000 ಡಾಲರಿನ ನಡುವೆ ಇವೆ. ಆದರೆ ಅರ್ಜಿಗೆ ಮುನ್ನ ಎರಡು ಪುಟಗಳ ವಿಚಾರಣಾ ಪತ್ರವನ್ನು (ಯೋಜನೆಯ ಸಾರಾಂಶ ತಿಳಿಸುವ ಪತ್ರ) ಕಳುಹಿಸಬೇಕು, ಅದನ್ನು ಮೆಚ್ಚಿದರೆ ಮಾತ್ರ ಪೂರ್ಣ ಅರ್ಜಿಗೆ ಆಹ್ವಾನ ನೀಡಲಾಗುತ್ತದೆ ಎಂದು ನಿಯಮಾವಳಿಯಲ್ಲಿದೆ. ಪತ್ರ ಕಳುಹಿಸುವ ಮೊದಲೇ ಅಲ್ಲಿನ ಅಧಿಕಾರಿಗಳಿಗೆ ಕರೆ ಮಾಡುವುದು ಸರಿಯೇ? ಶಿಫಾರಸು ಮಾಡಿಸಿಕೊಂಡಂತೆ ಆಗುವುದಿಲ್ಲವೇ?

ಅರ್ಜಿ ಪರಿಶೀಲನಾ ಸಮಿತಿಯಲ್ಲಿ ಕೆಲಸ ಮಾಡಿದವರು:

ಖಂಡಿತ ಸರಿ. ಫೌಂಡೇಶನ್ನಿನಲ್ಲಿ ಅರ್ಜಿದಾರರೊಂದಿಗೆ ವ್ಯವಹರಿಸುವ ಪ್ರೋಗ್ರಾಂ ಆಫೀಸರ್ ಎಂಬ ಹುದ್ದೆ ಇರುವುದೇ ಅದಕ್ಕಾಗಿ. ಹೊಂದದ ಅರ್ಜಿಯನ್ನು ಓದುವುದಕ್ಕಿಂತ ಅರ್ಧ ಗಂಟೆ ಮಾತನಾಡುವುದು ಅವರಿಗೂ ಅನುಕೂಲ. ಮಾತಿನಲ್ಲಿ ನಿಮ್ಮ ಸಂಸ್ಥೆಯ ಹಿರಿಮೆಯನ್ನು ಹೇಳಲು ಹೊರಡಬೇಡಿ. ಮೂರು ವಿಷಯ ಕೇಳಿ: ಈ ವರ್ಷ ಅವರ ಮಂಡಳಿಯ ಆದ್ಯತೆ ಯಾವುದು, ನಿಮ್ಮಂಥ ಸಂಸ್ಥೆಗೆ ಮೊದಲ ಬಾರಿ ಎಷ್ಟು ಕೇಳುವುದು ಸಮಂಜಸ, ಇದೇ ಜನರಿಗೆ ಇದೇ ಕೆಲಸ ಮಾಡುತ್ತಿರುವ ಬೇರೆ ಯಾರಿಗೆ ಅವರು ಈಗಾಗಲೇ ಹಣ ಕೊಟ್ಟಿದ್ದಾರೆ. ಮೂರನೆಯ ಪ್ರಶ್ನೆಯ ಉತ್ತರದಿಂದ ನಿಮಗೆ ಪಾಲುದಾರರೂ ಸಿಗಬಹುದು.

ದುಭಾಷಿಗಳ ವಿಷಯದಲ್ಲಿ ಮಾತ್ರ ನಿಮ್ಮ ಯೋಜನೆಯನ್ನು ಬದಲಿಸಲೇಬೇಕೆಂದು ಕಾಳಜಿಯಿಂದ ಹೇಳುತ್ತೇನೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೆಯ ಶೀರ್ಷಿಕೆ ಮತ್ತು 2010ರ ಅಫರ್ಡಬಲ್ ಕೇರ್ ಕಾಯ್ದೆಯ 1557ನೇ ಸೆಕ್ಷನ್ ಪ್ರಕಾರ, ಫೆಡರಲ್ (ಕೇಂದ್ರ) ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಚೆನ್ನಾಗಿ ಬಾರದ ರೋಗಿಗೆ ಅರ್ಹ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ), ಮೆಡಿಕೈಡ್ (ಕಡಿಮೆ ಆದಾಯದವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಹಣ ಪಡೆಯುವ ಆಸ್ಪತ್ರೆಗಳೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಆಸ್ಪತ್ರೆ ಕಾನೂನಿನಂತೆ ತಾನೇ ಮಾಡಬೇಕಾದ ಕೆಲಸಕ್ಕೆ ನಾವೇಕೆ ಹಣ ಕೊಡಬೇಕು ಎಂಬ ಪ್ರಶ್ನೆ ಸಮಿತಿಯಲ್ಲಿ ಮೊದಲ ಐದು ನಿಮಿಷದಲ್ಲೇ ಏಳುತ್ತದೆ. ಅದಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ವೈದ್ಯಕೀಯ ದುಭಾಷೆಯ ತರಬೇತಿ ಇಲ್ಲದ ಒಳ್ಳೆಯ ಮನಸ್ಸಿನವರು ಔಷಧದ ಪ್ರಮಾಣವನ್ನು ತಪ್ಪಾಗಿ ತಿಳಿಸಿದರೆ ಅಪಾಯವಾಗುವುದು ಆ ಹಿರಿಯರಿಗೆ.

ಹಾಗೆಂದು ನಿಮ್ಮ ಕೆಲಸಕ್ಕೆ ಬೆಲೆ ಇಲ್ಲವೆಂದಲ್ಲ. ವೈದ್ಯರ ಕೋಣೆಯ ಒಳಗಿನ ಮಾತು ಆಸ್ಪತ್ರೆಯ ಹೊಣೆ. ಅದರ ಹಿಂದು ಮುಂದಿನದೆಲ್ಲ ಯಾರ ಹೊಣೆಯೂ ಅಲ್ಲದೆ ಉಳಿದಿದೆ. ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಕನ್ನಡದ ದುಭಾಷಿ ಬೇಕೆಂದು ಕೇಳುವುದು, ಊರಿನಿಂದ ತಂದ ಮಾತ್ರೆಗಳನ್ನೂ ಇಲ್ಲಿ ಬರೆದುಕೊಟ್ಟ ಮಾತ್ರೆಗಳನ್ನೂ ಒಂದೇ ಪಟ್ಟಿಗೆ ತಂದು ವೈದ್ಯರಿಗೆ ತೋರಿಸುವಂತೆ ಮಾಡುವುದು, ಮನೆಗೆ ಬಂದ ಮೇಲೆ ಹೇಳಿದ್ದು ಅರ್ಥವಾಗಿದೆಯೇ ಎಂದು ವಿಚಾರಿಸುವುದು, ಮಗನೋ ಸೊಸೆಯೋ ರಜೆ ಹಾಕಲಾಗದ ದಿನ ಹೋಗಿಬರುವ ವ್ಯವಸ್ಥೆ ಮಾಡುವುದು, ಇವೆಲ್ಲ ಆರೋಗ್ಯ ಮಾರ್ಗದರ್ಶಿಯ ಕೆಲಸ. ಈ ಕೆಲಸವನ್ನು ನಿಮ್ಮ ಸಂಯೋಜಕರು ಮಾಡುತ್ತಾರೆ ಎಂದು ಬರೆದರೆ ಅರ್ಜಿ ಗಟ್ಟಿಯಾಗುತ್ತದೆ ಮಾತ್ರವಲ್ಲ, ಆಸ್ಪತ್ರೆಗಳು ತಮ್ಮ ಹೊಣೆಯನ್ನು ನಿಭಾಯಿಸುವಂತೆಯೂ ಆಗುತ್ತದೆ.

ಸಮುದಾಯ ಆರೋಗ್ಯ ಕ್ಷೇತ್ರದ ನರ್ಸ್:

ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಅಗತ್ಯವನ್ನು ವಿವರಿಸುವ ಭಾಗಕ್ಕೆ ಬೇಕಾದ ಅಂಕಿಅಂಶಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಮ್ಮ ಸಮುದಾಯದ ಅರ್ಜಿಗಳು ಸೊರಗುವುದು ಬಹಳ ಸಲ ಇಲ್ಲಿಯೇ.

ತೆರಿಗೆ ವಿನಾಯಿತಿ ಇರುವ ಆಸ್ಪತ್ರೆಗಳು ಮೂರು ವರ್ಷಕ್ಕೊಮ್ಮೆ ತಮ್ಮ ಪ್ರದೇಶದ ಆರೋಗ್ಯದ ಅಗತ್ಯಗಳ ಸಮೀಕ್ಷೆ ನಡೆಸಿ, ವರದಿಯನ್ನು ಸಾರ್ವಜನಿಕರಿಗೆ ಸಿಗುವಂತೆ ಇಡಬೇಕೆಂದು ಅಫರ್ಡಬಲ್ ಕೇರ್ ಕಾಯ್ದೆ ಹೇಳುತ್ತದೆ. ನಿಮ್ಮ ಪ್ರದೇಶದ ಆಸ್ಪತ್ರೆಯ ವರದಿಯಲ್ಲಿ ಮಧುಮೇಹ ಅಥವಾ ಹಿರಿಯರ ಒಂಟಿತನ ಆದ್ಯತೆಯ ಪಟ್ಟಿಯಲ್ಲಿದ್ದರೆ ಅದನ್ನು ಪುಟಸಂಖ್ಯೆಯ ಸಮೇತ ಉಲ್ಲೇಖಿಸಿ. ಫೌಂಡೇಶನ್ನಿನವರೂ ಅದೇ ವರದಿಯನ್ನು ಓದಿರುತ್ತಾರೆ.

ಆದರೆ ಆ ವರದಿಗಳಲ್ಲಿ ನಮ್ಮ ಹಿರಿಯರು ಸಾಮಾನ್ಯವಾಗಿ ಏಷ್ಯನ್ ಎಂಬ ಒಂದೇ ಕಾಲಮ್ಮಿನಲ್ಲಿ ಕರಗಿಹೋಗಿರುತ್ತಾರೆ. ಜನಗಣತಿ ಇಲಾಖೆಯ ಅಮೆರಿಕನ್ ಕಮ್ಯುನಿಟಿ ಸರ್ವೆಯ ಭಾಷಾ ಕೋಷ್ಟಕದಲ್ಲಿ ತೆಲುಗಿಗೂ ತಮಿಳಿಗೂ ಪ್ರತ್ಯೇಕ ಸಾಲುಗಳಿವೆ. ಕನ್ನಡ ಮಾತ್ರ ಮಲಯಾಳಂ ಮತ್ತು ಇತರ ದ್ರಾವಿಡ ಭಾಷೆಗಳ ಜೊತೆ ಒಂದೇ ಸಾಲಿನಲ್ಲಿದೆ. ಹೀಗಾಗಿ ಕನ್ನಡದ ಹಿರಿಯರ ಸಂಖ್ಯೆ ಆ ಕೋಷ್ಟಕದಿಂದ ದೊರೆಯದು. ನೀವೇ ಎಣಿಸಬೇಕು. ನಿಮ್ಮಲ್ಲಿ ನೋಂದಾಯಿಸಿದವರ ವಯಸ್ಸು, ಭಾಷೆ, ಕೌಂಟಿ, ವಿಮೆ ಇದೆಯೇ, ಕೊನೆಯ ಬಾರಿ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದ್ದು ಯಾವಾಗ, ಇಷ್ಟನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟರೆ, ಆ ಒಂದು ಪುಟ ಬೇರೆ ಯಾರ ಬಳಿಯೂ ಇಲ್ಲದ ದಾಖಲೆಯಾಗುತ್ತದೆ.

ವಿಮೆಯ ಪ್ರಶ್ನೆಯನ್ನು ವಿಶೇಷವಾಗಿ ಸೇರಿಸಲು ಹೇಳುತ್ತಿರುವುದಕ್ಕೆ ಕಾರಣವಿದೆ. ಗ್ರೀನ್ ಕಾರ್ಡ್ ಪಡೆದು ಬಂದ ಹಿರಿಯರು, ಇಲ್ಲಿ ದುಡಿದ ದಾಖಲೆ ಇಲ್ಲದಿದ್ದರೆ, 65 ವರ್ಷ ದಾಟಿದ್ದರೂ ಐದು ವರ್ಷ ಸತತವಾಗಿ ವಾಸಿಸಿದ ಮೇಲಷ್ಟೇ ಮೆಡಿಕೇರನ್ನು ಹಣ ತೆತ್ತು ಪಡೆಯಬಹುದು. ಸಂದರ್ಶಕರ ವೀಸಾದಲ್ಲಿ ಬಂದವರಿಗೆ ಅದೂ ಇಲ್ಲ. ಹಿರಿಯರಿಗೆಲ್ಲ ಮೆಡಿಕೇರ್ ಇದ್ದೇ ಇರುತ್ತದೆ ಎಂದುಕೊಂಡಿರುವ ಪರಿಶೀಲಕರಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು.

ದಕ್ಷಿಣ ಏಷ್ಯಾದವರಲ್ಲಿ ತೂಕ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಮಧುಮೇಹ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಬಲವಾದ ಆಧಾರವಿದೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ 2015ರಿಂದ ಏಷ್ಯನ್ ಮೂಲದವರಿಗೆ ತಪಾಸಣೆಯ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಮಿತಿಯನ್ನು 25ರ ಬದಲು 23 ಎಂದು ಇಳಿಸಿದೆ. ಸ್ಯಾನ್ ಫ್ರಾನ್ಸಿಸ್ಕೊ ಬೇ ಪ್ರದೇಶ ಮತ್ತು ಶಿಕಾಗೊಗಳಲ್ಲಿ 2010ರಲ್ಲಿ ಆರಂಭವಾದ ಮಸಾಲಾ ಎಂಬ ದೀರ್ಘಾವಧಿಯ ಅಧ್ಯಯನ ಇಲ್ಲಿನ ದಕ್ಷಿಣ ಏಷ್ಯನ್ನರ ಹೃದಯದ ಆರೋಗ್ಯವನ್ನೇ ಕುರಿತದ್ದು. ಇನ್ನು ಕೆಲಸದ ವಿಧಾನಕ್ಕೆ, ಹೊಸದೊಂದನ್ನು ಕಲ್ಪಿಸುವ ಬದಲು ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಕೇಂದ್ರ) ಮಾನ್ಯತೆಯ ರಾಷ್ಟ್ರೀಯ ಮಧುಮೇಹ ತಡೆ ಕಾರ್ಯಕ್ರಮವನ್ನು ಆಧಾರವಾಗಿಟ್ಟುಕೊಳ್ಳಬಹುದು. ಅದು ಒಂದು ವರ್ಷದ ಕಾರ್ಯಕ್ರಮ, ಮೊದಲ ಆರು ತಿಂಗಳಲ್ಲಿ 16 ತರಗತಿಗಳು. 2002ರಲ್ಲಿ ಪ್ರಕಟವಾದ ಮೂಲ ಪ್ರಯೋಗದಲ್ಲಿ, ಆಹಾರ ಮತ್ತು ವ್ಯಾಯಾಮದ ಬದಲಾವಣೆಯಿಂದ ಮಧುಮೇಹಕ್ಕೆ ತಿರುಗುವ ಪ್ರಮಾಣ 58 ಪ್ರತಿಶತ ತಗ್ಗಿತ್ತು. ಇದು ಈಗಾಗಲೇ ಮಧುಮೇಹ ಇರುವವರಿಗೆ ಅಲ್ಲ, ಅದರ ಅಂಚಿನಲ್ಲಿರುವವರಿಗೆ; ಈ ಎರಡು ಗುಂಪುಗಳನ್ನು ಮಾತ್ರ ಅರ್ಜಿಯಲ್ಲಿ ಬೆರೆಸಬೇಡಿ. ಮಾನ್ಯತೆ ದೊರೆತ ಸಂಸ್ಥೆಗಳು ಅರ್ಹ ಹಿರಿಯರಿಗೆ ನಡೆಸುವ ಈ ಕಾರ್ಯಕ್ರಮಕ್ಕೆ ಮೆಡಿಕೇರ್ 2018ರಿಂದ ಹಣ ಪಾವತಿಸುತ್ತಿದೆ. ಅನುದಾನ ಮುಗಿದ ಮೇಲೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಅದು ಉತ್ತರದ ಒಂದು ಭಾಗವಾದೀತು.

ಲೆಕ್ಕಪತ್ರ ನೋಡುವವರು:

ಮೊತ್ತದ ಬಗ್ಗೆ ಎರಡು ಮಾತು. ಸಂಯೋಜಕರಿಗೆ 36,000 ಡಾಲರ್ ಸಂಬಳ ಎಂದುಕೊಂಡರೆ, ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆಯಲ್ಲಿ ಸಂಸ್ಥೆಯ ಪಾಲೇ 7.65 ಪ್ರತಿಶತ, ಅಂದರೆ 2,754 ಡಾಲರ್ ಆಗುತ್ತದೆ. ಕಾರ್ಮಿಕರ ಪರಿಹಾರ ವಿಮೆ, ಸಂಬಳ ಪಾವತಿಯ ವ್ಯವಸ್ಥೆ, ಲೆಕ್ಕಪತ್ರ, ಫೋನ್, ಜಾಗ ಇವೆಲ್ಲ ಬೇರೆ. ಸ್ವಯಂಸೇವಕರೇ ನಡೆಸಿಕೊಂಡು ಬಂದ ಸಂಸ್ಥೆಗಳು ಇವನ್ನು ಖರ್ಚೆಂದೇ ಪರಿಗಣಿಸುವುದಿಲ್ಲ, ಕೆಲಸಕ್ಕೆ ತಗಲುವ ಪೂರ್ಣ ವೆಚ್ಚವನ್ನು ಕೇಳಲು ಸಂಕೋಚಪಡುತ್ತವೆ. ದಯವಿಟ್ಟು ಸಂಕೋಚಪಡಬೇಡಿ. ಫೆಡರಲ್ ಅನುದಾನಗಳಲ್ಲಿ, ಪ್ರತ್ಯೇಕ ದರ ನಿಗದಿಯಾಗಿಲ್ಲದ ಸಂಸ್ಥೆ ಪರೋಕ್ಷ ವೆಚ್ಚವೆಂದು (ಕಚೇರಿ, ಲೆಕ್ಕಪತ್ರದಂಥ ಸಾಮಾನ್ಯ ಖರ್ಚು) ಕೇಳಬಹುದಾದ ಪ್ರಮಾಣವನ್ನು 2024ರ ಅಕ್ಟೋಬರಿನಿಂದ 10ರಿಂದ 15 ಪ್ರತಿಶತಕ್ಕೆ ಏರಿಸಲಾಗಿದೆ. ಖಾಸಗಿ ಫೌಂಡೇಶನ್ನುಗಳಿಗೆ ಆ ನಿಯಮ ಅನ್ವಯಿಸದಿದ್ದರೂ, ಅವರ ನೀತಿಯಲ್ಲಿ ಬೇರೆ ಮಿತಿ ಇಲ್ಲದಿದ್ದರೆ ಅದನ್ನು ಆಧಾರವಾಗಿ ತೋರಿಸಬಹುದು.

ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು, ನಿಮ್ಮ ಮಂಡಳಿಯ ಗಮನಕ್ಕೆ ತರಲೇಬೇಕಾದದ್ದು. ನಿಮ್ಮ ಸಂಸ್ಥೆ ಸಾರ್ವಜನಿಕ ದೇಣಿಗೆಯನ್ನು ಅವಲಂಬಿಸಿದ ದತ್ತಿಸಂಸ್ಥೆ ಎಂದು ಮುಂದುವರಿಯಬೇಕಾದರೆ, ಐದು ವರ್ಷಗಳ ಒಟ್ಟು ಆದಾಯದಲ್ಲಿ ಕನಿಷ್ಠ ಮೂರನೆಯ ಒಂದು ಪಾಲು ಸಾರ್ವಜನಿಕ ಬೆಂಬಲವಾಗಿರಬೇಕು. ಒಬ್ಬ ದಾನಿಯ ಅಥವಾ ಒಂದು ಖಾಸಗಿ ಫೌಂಡೇಶನ್ನಿನ ಹಣದಲ್ಲಿ, ಒಟ್ಟು ಬೆಂಬಲದ 2 ಪ್ರತಿಶತದಷ್ಟನ್ನು ಮಾತ್ರ ಸಾರ್ವಜನಿಕ ಬೆಂಬಲವೆಂದು ಎಣಿಸಲಾಗುತ್ತದೆ. ಐದು ವರ್ಷದಲ್ಲಿ ಸಣ್ಣ ದಾನಿಗಳಿಂದ 1,00,000 ಮತ್ತು ಒಂದೇ ಫೌಂಡೇಶನ್ನಿನಿಂದ 3,50,000 ಡಾಲರ್ ಬಂದಿತೆಂದು ಭಾವಿಸಿ. ಒಟ್ಟು 4,50,000, ಅದರ 2 ಪ್ರತಿಶತ 9,000. ಎಣಿಕೆಗೆ ಬರುವ ಸಾರ್ವಜನಿಕ ಬೆಂಬಲ 1,09,000, ಅಂದರೆ ಸುಮಾರು 24 ಪ್ರತಿಶತ. ಮೂರನೆಯ ಒಂದು ಪಾಲಿಗೆ ಇದು ಸಾಲದು. 10 ಪ್ರತಿಶತಕ್ಕಿಂತ ಹೆಚ್ಚಿರುವುದರಿಂದ ಇತರ ಸಂಗತಿಗಳನ್ನು ತೋರಿಸಿ ಮಾನ್ಯತೆ ಉಳಿಸಿಕೊಳ್ಳುವ ಇನ್ನೊಂದು ದಾರಿ ಇದೆ. ಹೊಸ ಸಂಸ್ಥೆಗಳಿಗೆ ಮೊದಲ ಐದು ವರ್ಷ ಈ ಪರೀಕ್ಷೆ ಅಡ್ಡಿಯಾಗುವುದೂ ಇಲ್ಲ. ಆದರೂ ದೊಡ್ಡ ಅನುದಾನ ಸಿಕ್ಕಿತೆಂದು ಸಣ್ಣ ದಾನಿಗಳನ್ನು ಮರೆಯುವುದು ಸಂಸ್ಥೆಯ ಬುಡಕ್ಕೇ ಪೆಟ್ಟು. ಆದರೆ ಸಾರ್ವಜನಿಕ ಬೆಂಬಲದ ಮೇಲೆಯೇ ನಡೆಯುವ ಸಮುದಾಯ ಫೌಂಡೇಶನ್ನುಗಳ ಅನುದಾನಕ್ಕೆ ಈ 2 ಪ್ರತಿಶತದ ಮಿತಿ ಇಲ್ಲ. ಫೌಂಡೇಶನ್ ಯಾವ ವರ್ಗದ್ದೆಂದು ಖಚಿತಪಡಿಸಿಕೊಳ್ಳಲು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಇನ್ನೊಬ್ಬ ಸದಸ್ಯರು:

ನಮ್ಮ ಗುಂಪಿಗೆ ಇನ್ನೂ 501(ಸಿ)(3) ಮಾನ್ಯತೆ ಸಿಕ್ಕಿಲ್ಲ. ನಾವೂ ಇಂಥ ಫೌಂಡೇಶನ್ನಿಗೆ ಅರ್ಜಿ ಹಾಕಬಹುದೇ?

ಲೆಕ್ಕಪತ್ರ ನೋಡುವವರು:

ನೇರವಾಗಿ ಹಾಕುವುದು ಕಷ್ಟ. ಮಾನ್ಯತೆ ಇರುವ ಇನ್ನೊಂದು ಸಂಸ್ಥೆ ನಿಮ್ಮ ಯೋಜನೆಗೆ ಆರ್ಥಿಕ ಪ್ರಾಯೋಜಕನಾಗಿ ನಿಂತು, ಅನುದಾನವನ್ನು ಪಡೆದು ಲೆಕ್ಕಕ್ಕೆ ಹೊಣೆಯಾದರೆ ಸಾಧ್ಯ. ಆ ಸಂಸ್ಥೆ ಅನುದಾನದ ಒಂದು ಭಾಗವನ್ನು ಶುಲ್ಕವಾಗಿ ಹಿಡಿದುಕೊಳ್ಳುತ್ತದೆ, ಒಪ್ಪಂದ ಲಿಖಿತವಾಗಿರಲಿ. ಫೌಂಡೇಶನ್ ಇಂಥ ವ್ಯವಸ್ಥೆಯನ್ನು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿ.

ಸಂಸ್ಥೆಯ ಕಾರ್ಯದರ್ಶಿ:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮಂಡಳಿಯ ಸಭೆಯಲ್ಲಿ ಇದನ್ನೆಲ್ಲ ಚರ್ಚಿಸಿದೆವು. ದುಭಾಷಿಗಳ ಸಂಭಾವನೆಯನ್ನು ಕೈಬಿಟ್ಟು, ಸಂಯೋಜಕರನ್ನು ಆರೋಗ್ಯ ಮಾರ್ಗದರ್ಶಿಯಾಗಿ ನೇಮಿಸುವ ಯೋಜನೆಯನ್ನು ರೂಪಿಸಿದ್ದೇವೆ. ಪ್ರೋಗ್ರಾಂ ಆಫೀಸರ್ ಜೊತೆ ಮಾತನಾಡಿದಾಗ ವರ್ಷಕ್ಕೆ 40,000ದಂತೆ ಎರಡು ವರ್ಷಕ್ಕೆ ಕೇಳಬಹುದೆಂದು ಸೂಚಿಸಿದರು. ಉಳಿದ ವೆಚ್ಚವನ್ನು ಸಣ್ಣ ದೇಣಿಗೆಗಳಿಂದ ಭರಿಸುತ್ತೇವೆ. ಎರಡು ಸಂದೇಹಗಳು ಉಳಿದಿವೆ. ಕನ್ನಡದ ದುಭಾಷಿ ಸೇವೆಗಾಗಿ ರಾಜ್ಯದ ಶಾಸಕರನ್ನು ಭೇಟಿಯಾಗುವುದನ್ನೂ ಯೋಜನೆಯಲ್ಲಿ ಸೇರಿಸಬಹುದೇ? ಹಿರಿಯರೊಬ್ಬರ ಕಥೆಯನ್ನು ಅರ್ಜಿಯಲ್ಲಿ ಬರೆಯಬಹುದೇ?

ಅರ್ಜಿ ಪರಿಶೀಲನಾ ಸಮಿತಿಯಲ್ಲಿ ಕೆಲಸ ಮಾಡಿದವರು:

ಖಾಸಗಿ ಫೌಂಡೇಶನ್ ಕಾನೂನು ತಿದ್ದುಪಡಿಗಾಗಿ ಶಾಸಕರ ಮೇಲೆ ಪ್ರಭಾವ ಬೀರುವ ಕೆಲಸಕ್ಕೆಂದು ಹಣ ಗೊತ್ತುಪಡಿಸಿ ಕೊಡುವಂತಿಲ್ಲ. ನಿಮ್ಮ ಸಂಸ್ಥೆ ಅಂಥ ಕೆಲಸವನ್ನು ಕಾನೂನಿನ ಮಿತಿಯೊಳಗೆ ಮಾಡಬಹುದು, ಆದರೆ ಅದರ ವೆಚ್ಚವನ್ನು ಪ್ರತ್ಯೇಕವಾಗಿಟ್ಟು ಬೇರೆ ಹಣದಿಂದ ಭರಿಸಿ. ಇರುವ ಕಾನೂನಿನಂತೆ ಸೇವೆ ಕೊಡಿ ಎಂದು ಆಸ್ಪತ್ರೆಯ ಆಡಳಿತವನ್ನು ಕೇಳುವುದು ಲಾಬಿಯಲ್ಲ. ಅದನ್ನು ಯೋಜನೆಯಲ್ಲಿ ಧಾರಾಳವಾಗಿ ಬರೆಯಿರಿ.

ಕಥೆಯನ್ನು ಆ ಹಿರಿಯರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಬರೆಯಿರಿ, ಆ ಒಪ್ಪಿಗೆ ಪತ್ರ ಅವರು ಓದಬಲ್ಲ ಭಾಷೆಯಲ್ಲಿರಲಿ. ಹೆಸರು ಬದಲಿಸಿದರೆ ಸಾಕಾಗುವುದಿಲ್ಲ. ಸಣ್ಣ ಸಮುದಾಯದಲ್ಲಿ ವಯಸ್ಸು, ಕಾಯಿಲೆ, ಮಗಳ ಉದ್ಯೋಗ ಇಷ್ಟು ಹೇಳಿದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ.

ಲೆಕ್ಕಪತ್ರ ನೋಡುವವರು:

ಎರಡು ವರ್ಷದ ಅನುದಾನ ಎಂದಿದ್ದರಿಂದ ಒಂದು ಸೂಚನೆ. ನೀವು ಸಂಚಯ ಪದ್ಧತಿಯಲ್ಲಿ (ಹಣ ಕೈಸೇರುವ ಮೊದಲೇ, ಅದು ಖಚಿತವಾದಾಗಲೇ ಆದಾಯವೆಂದು ಬರೆಯುವ ರೀತಿ) ಲೆಕ್ಕ ಇಡುತ್ತಿದ್ದು, ಮಂಜೂರಾತಿ ಪತ್ರದಲ್ಲಿ ಷರತ್ತುಗಳಿಲ್ಲದಿದ್ದರೆ, 80,000 ಡಾಲರಿನ ಬಹುತೇಕ ಮೊತ್ತ ಮೊದಲ ವರ್ಷದ ಆದಾಯವೆಂದೇ ದಾಖಲಾಗುತ್ತದೆ. ಮೊದಲ ವರ್ಷ ದೊಡ್ಡ ಉಳಿತಾಯವೂ ಎರಡನೆಯ ವರ್ಷ ಕೊರತೆಯೂ ಕಾಣಿಸುತ್ತವೆ. ಉದ್ದೇಶಕ್ಕೆ ಮೀಸಲಾದ ನಿಧಿ ಎಂಬ ಪ್ರತ್ಯೇಕ ಸಾಲಿನಲ್ಲಿ ಇದನ್ನು ತೋರಿಸಿ, ಮಂಜೂರಾತಿ ಪತ್ರ ಕೈಸೇರಿದ ವಾರದಲ್ಲೇ ಮಂಡಳಿಯ ಸದಸ್ಯರಿಗೆ ವಿವರಿಸಿ. ಹಾಗೆ ಮಾಡಿದರೆ ಇಲ್ಲದ ಉಳಿತಾಯವನ್ನು ನೋಡಿ ಯಾರೂ ಹೊಸ ಖರ್ಚಿಗೆ ಒಪ್ಪಿಗೆ ಕೊಡುವುದಿಲ್ಲ.